ನಾಲ್ಕು ಕೋರು, ಎಣಿಸುವವಳು ಒಬ್ಬಳೇ

ನಮ್ಮ ನಡುಮನೆಯ ಮೂಲೆಯಲ್ಲಿ, ಹೊಲಿಗೆ ಮಿಷನ್ನಿನ ಪಕ್ಕ, ಒಂದು ಹಳೆಯ ಸರ್ವರ್ ಇದೆ. ಸರ್ವರ್ ಎಂದ ಕೂಡಲೇ ಗಾಬರಿಯಾಗಬೇಕಿಲ್ಲ. ಯಾವಾಗಲೂ ಓಡುತ್ತಲೇ ಇದ್ದು, ಕೇಳಿದವರ ಫೋನಿಗೆ ಒಂದು ಪುಟ ಕಳಿಸಿಕೊಡುವ ಕಂಪ್ಯೂಟರು ಅದು, ಅಷ್ಟೆ. ತುರುವೇಕೆರೆಯ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಹತ್ತು ವರ್ಷ ಪಾಠ ಹೇಳಿದವಳು ನಾನು. ಸೆಂಟರು ಬಾಗಿಲು ಹಾಕಿದಾಗ ಬೇರೆಯವರು ಕುರ್ಚಿ, ಮೇಜು, ಫ್ಯಾನು ಒಯ್ದರು; ನಾನು ಈ ಯಂತ್ರವನ್ನು ಕೇಳಿ ಪಡೆದೆ. ಮಾಯಸಂದ್ರದ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದಾಗ ಕಂಡಕ್ಟರು ಲಗೇಜು ಟಿಕೆಟ್ ತೆಗೆಸಿದ. ಅವನ ಜೊತೆ ಜಗಳವಾಡಿದ್ದು ಈಗಲೂ ನೆನಪಿದೆ.

ಆ ಯಂತ್ರ ಕಳಿಸುವ ಪುಟವನ್ನು ಬರೆದವಳೂ ನಾನೇ. ತಿಪಟೂರಿನಲ್ಲಿ ಕೊಬ್ಬರಿ ಹರಾಜಾದ ದಿನ, ದರ ಎಷ್ಟಕ್ಕೆ ನಿಂತಿತು ಎಂಬುದು ಐದೇ ನಿಮಿಷದಲ್ಲಿ ನನ್ನ ಪುಟದಲ್ಲಿ ಇರುತ್ತದೆ. ನನ್ನ ತಮ್ಮ ಅಲ್ಲಿಯ ಒಂದು ಮಂಡಿಯಲ್ಲಿ ಕೆಲಸ ಮಾಡುತ್ತಾನೆ. ಹರಾಜು ಮುಗಿದದ್ದೇ ಅವನು ಫೋನು ಮಾಡುತ್ತಾನೆ, ನಾನು ಅಂಕಿ ಹಾಕುತ್ತೇನೆ. ಇದರಿಂದ ಯಾರಿಗೇನು ಉಪಯೋಗ ಎಂದರೆ, ನಮ್ಮ ಕಡೆ ಎಲ್ಲರೂ ಕೊಬ್ಬರಿಯನ್ನು ಮಾರುಕಟ್ಟೆಗೆ ಒಯ್ಯುವುದಿಲ್ಲ. ತಕ್ಕಡಿ, ಚೀಲ ಹಾಕಿಕೊಂಡು ಮನೆ ಬಾಗಿಲಿಗೇ ಬಂದು ಕೊಳ್ಳುವವರಿದ್ದಾರೆ. ದರ ಏರಿದ ದಿನ ಅವರು ಗಾಳಿಗಿಂತ ಮುಂಚೆ ಬರುತ್ತಾರೆ, ಹಳೆಯ ದರವನ್ನೇ ಹೇಳುತ್ತಾರೆ. ಅವರ ಮುಂದೆ ಫೋನು ತೆಗೆದು "ಇಲ್ ನೋಡಪ್ಪ" ಎನ್ನಲು ಒಂದು ಪುಟ ಬೇಕಿತ್ತು. ಅದನ್ನು ಕೊಟ್ಟೆನೆಂಬ ಜಂಭ ನನಗೆ ಚೆನ್ನಾಗಿಯೇ ಇತ್ತು.

ಪುಟದ ಕೆಳಗೆ ಇನ್ನೊಂದು ಅಂಕಿಯೂ ಇರುತ್ತಿತ್ತು. ಈ ದಿನ ಪುಟವನ್ನು ಎಷ್ಟು ಸಲ ನೋಡಲಾಗಿದೆ ಎಂಬ ಎಣಿಕೆ. ಸಂಪಿಗೆಯ ಕಡೆಯಿಂದ, ಅಮ್ಮಸಂದ್ರದಿಂದ, ಎಲ್ಲೆಲ್ಲಿಂದಲೋ ಜನ ನೋಡಿ ಆ ಅಂಕಿ ಏರುವಾಗ ನಾನು ಒಲೆಯ ಮೇಲಿನ ಹಾಲು ಮರೆತು ಕೂತಿರುತ್ತಿದ್ದೆ. "ಹೆಂಗಸರು ಕೂತು ಆಡೋ ಆಟ" ಎಂದು ಮೊದಮೊದಲು ನಕ್ಕಿದ್ದ ನೆಂಟರಿಗೆ ನಾನು ತೋರಿಸುತ್ತಿದ್ದದ್ದು ಕೊಬ್ಬರಿ ದರವನ್ನಲ್ಲ, ಅದರ ಕೆಳಗಿನ ಈ ಅಂಕಿಯನ್ನು.

ಹೋದ ವರ್ಷ ಒಂದು ಹರಾಜಿನ ದಿನ ದರ ಒಮ್ಮೆಗೇ ಜಿಗಿಯಿತು. ತಮ್ಮ ಫೋನಿನಲ್ಲಿ ಅಂಕಿ ಹೇಳಿದಾಗ ನಾನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಪುಟಕ್ಕೆ ಹಾಕಿದೆ. ಸುದ್ದಿ ಹೇಗೋ ಹಬ್ಬಿ ಎಲ್ಲರೂ ಒಟ್ಟಿಗೇ ಫೋನು ತೆಗೆದರು. ಪುಟ ತೆರೆಯಲಿಲ್ಲ. ನನ್ನ ಫೋನಿನಲ್ಲೇ ಬಿಳಿಯ ಪರದೆ, ನಡುವೆ ಗಿರಗಿರ ಸುತ್ತುವ ಒಂದು ಬಳೆ. ಸರ್ವರ್ ಆರಿಸಿ ಮತ್ತೆ ಹಚ್ಚಿದೆ. ಎರಡು ನಿಮಿಷ ಓಡಿ ಮತ್ತೆ ಹಾಗೇ ಆಯಿತು. ಬೈದೆ, ತಂತಿ ಬಿಗಿ ಮಾಡಿದೆ, ಮತ್ತೆ ಆರಿಸಿದೆ. ಅರ್ಧ ಗಂಟೆ ಹೀಗೇ ಕಳೆಯಿತು. ಆಮೇಲೆ ತಾನಾಗಿಯೇ ಸರಿಹೋಯಿತು. ಸಂಜೆ ಕೆಳಗಿನ ಎಣಿಕೆ ನೋಡಿದೆ. ಪುಟ ಶುರುವಾದಂದಿನಿಂದ ಅಷ್ಟು ದೊಡ್ಡ ಅಂಕಿ ಬಂದಿರಲಿಲ್ಲ. ನನಗೆ ಖುಷಿಯಾಯಿತು. ಇದನ್ನು ಮುಚ್ಚಿಡುವುದಿಲ್ಲ, ಖುಷಿಯೇ ಆಯಿತು.

ಮಾರನೆಯ ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೋದಾಗ ಪಕ್ಕದ ಮನೆಯ ಅಕ್ಕ ಸಿಕ್ಕಳು. ನಮ್ಮ ತೋಟಕ್ಕೂ ಅವಳ ತೋಟಕ್ಕೂ ನಡುವೆ ಒಂದೇ ಬೇಲಿ. ಗಂಡ ತೀರಿಕೊಂಡ ಮೇಲೆ ತೋಟ, ಹಸು, ಅಟ್ಟ ಎಲ್ಲವನ್ನೂ ತಾನೇ ನೋಡಿಕೊಳ್ಳುವ ಗಟ್ಟಿ ಹೆಂಗಸು. ಹೆಚ್ಚು ಮಾತಿಲ್ಲ.

"ನೆನ್ನೆ ನಿನ್ ಪುಟ ತೆಗೀಲಿಲ್ಲ ಕಣವ್ವ" ಎಂದಳು. "ಕೊಬ್ರಿ ಕೊಳ್ಳೋನು ಬಾಗ್ಲಲ್ಲಿ ನಿಂತವ್ನೆ. ದರ ಹೋದ್ ಸಲದ್ದೇ ಅಂದ. ವಸಿ ಹೊತ್ತು ನೋಡ್ದೆ. ಇನ್ನೂ ಮೂರ್ ಮನೆ ತಿರುಗ್ಬೇಕು, ಕೊಡೋದಾದ್ರೆ ಕೊಡಿ, ಇಲ್ದಿದ್ರೆ ಹೊಂಟೆ ಅಂದ. ಕೊಟ್ಬುಟ್ಟೆ."

ವರ್ಷವಿಡೀ ಅಟ್ಟದ ಮೇಲೆ ಒಣಗಿದ ಕಾಯಿ. ಆ ಕೊಬ್ಬರಿಯನ್ನು ನಂಬಿ ಅವಳು ತೋಟಕ್ಕೆ ಹನಿ ನೀರಿನ ಪೈಪು ಎಳೆಸಬೇಕೆಂದಿದ್ದಳು.

"ನಮ್ ಮಿಷನ್ ಕೈಕೊಡ್ತು ಅಕ್ಕ" ಎಂದೆ.

"ಮಿಷನ್ ಕೆಟ್ರೆ ನೀನೇನ್ ಮಾಡೀಯ, ಬುಡು" ಎಂದು ಕ್ಯಾನು ಎತ್ತಿಕೊಂಡು ಹೊರಟಳು.

ತಿಂಗಳ ಮೇಲೆ ಪೈಪು ಬಂತು, ಆದರೆ ಅರ್ಧ ತೋಟಕ್ಕೆ. ಬೇಲಿಯ ಈಚೆ ನಿಂತರೆ ಕಾಣುತ್ತಿತ್ತು: ಮೇಲಿನ ಸಾಲುಗಳ ಬುಡಕ್ಕೆಲ್ಲ ಕಪ್ಪು ಪೈಪು, ನಡುವೆ ಒಂದು ಮರದ ಬುಡದಲ್ಲಿ ಅದರ ತುದಿಯನ್ನು ಮಡಚಿ ತಂತಿ ಸುತ್ತಿದ್ದಾರೆ, ಅಲ್ಲಿಂದ ಕೆಳಗೆ ಅವಳು ಎಂದಿನಂತೆ ಗುದ್ದಲಿ ಹಿಡಿದು ಕಾಲುವೆ ತಿರುಗಿಸುತ್ತಿದ್ದಾಳೆ. ದಿನಾ ಬೆಳಿಗ್ಗೆ ನಾನು ಅದನ್ನು ನೋಡಬೇಕಿತ್ತು. ಇನ್ನೊಂದು ಸಲ ಆ ಅರ್ಧ ಗಂಟೆಯಲ್ಲಿ ನನ್ನ ಪುಟ ನಿಲ್ಲಬಾರದು, ಏನಾದರೂ ಸರಿ, ಎಂದು ತೀರ್ಮಾನಿಸಿದೆ. ನಾನು ತೀರ್ಮಾನಿಸಿದರೆ ಮನೆಯವರೆಲ್ಲ ಸ್ವಲ್ಪ ದೂರದಲ್ಲಿ ಓಡಾಡುತ್ತಾರೆ.

ತಿಪಟೂರಿನಿಂದ ಕಂಪ್ಯೂಟರ್ ರಿಪೇರಿಯವರನ್ನು ಕರೆಸಿದೆ. ನನ್ನ ವಯಸ್ಸಿನವರೇ, ಇನ್ವರ್ಟರು, ಪ್ರಿಂಟರು, ಸಿಸಿ ಕ್ಯಾಮೆರಾ ಎಲ್ಲಕ್ಕೂ ಕೈಹಾಕುವವರು. ಡಬ್ಬಿ ಬಿಚ್ಚಿ ಒಳಗೆ ಇಣುಕಿ ನಾಲಿಗೆ ಲೊಚಗುಟ್ಟಿದರು.

"ಇದ್ರಲ್ಲಿ ಒಂದೇ ಕೋರ್ ಐತೆ ಕಣಕ್ಕ. ಒಂದ್ ಸಲಕ್ಕೆ ಒಂದೇ ಕೆಲ್ಸ ಮಾಡ್ತದೆ. ಈಗಿನ್ ಕಾಲ್ದಲ್ಲಿ ಯಾರಾದ್ರೂ ಒಂದ್ ಕೋರ್ ಇಟ್ಕತಾರಾ? ನಾಲ್ಕ್ ಕೋರಿನ ಚಿಪ್ ನನ್ ತಾವ ಐತೆ, ಇದೇ ಬೋರ್ಡಿಗೆ ಕೂತ್ಕತದೆ. ನಾಲ್ಕ್ ಜನಕ್ಕೆ ಒಟ್ಟಿಗೇ ಪುಟ ಕೊಡ್ತದೆ."

"ಒಂದೇ ಕರಟದೊಳ್ಗೆ ನಾಲ್ಕ್ ಕೊಬ್ರಿ ಇದ್ದಂಗೆ ಅನ್ನಿ" ಎಂದರು ನನ್ನ ಗಂಡ. ಅವರಿಗೆ ಆಗಲೇ ಅದು ಇಷ್ಟವಾಗಿಬಿಟ್ಟಿತ್ತು. "ಹಾಕ್ಸು ಕಣೇ, ಯೋಚ್ನೆ ಯಾಕೆ?"

ಯೋಚನೆ ಯಾಕೆಂದರೆ, ನಾನು ಬದನೆಕಾಯಿಯನ್ನೂ ಒತ್ತಿ ನೋಡದೆ ಕೊಳ್ಳುವವಳಲ್ಲ. ಒಂದು ವಾರ ಚಿಪ್ಪನ್ನು ಬಿಟ್ಟುಹೋಗಿ, ಪರೀಕ್ಷೆ ಮಾಡಿ ಹೇಳುತ್ತೇನೆ ಎಂದೆ. ರಿಪೇರಿಯವರು ನನ್ನ ಗಂಡನ ಮುಖ ನೋಡಿದರು. ಗಂಡ ತೋಟದ ಕಡೆ ನೋಡಿದರು. ಚಿಪ್ಪು ಉಳಿಯಿತು.

ಸೆಂಟರಿನಲ್ಲಿ ಪಾಠ ಹೇಳುವಾಗ ಕಲಿತ ಒಂದು ಉಪಾಯವಿತ್ತು. ನೂರಾರು ಜನ ಒಟ್ಟಿಗೆ ಪುಟ ಕೇಳಿದರೆ ಹೇಗೋ ಹಾಗೆ ಸರ್ವರನ್ನು ಕಾಡುವ ಸಣ್ಣ ಪ್ರೋಗ್ರಾಂ. ಅದನ್ನು ಲ್ಯಾಪ್‌ಟಾಪಿನಿಂದ ಮೊದಲು ಹಳೆಯ ಚಿಪ್ಪಿನ ಮೇಲೆ ಓಡಿಸಿದೆ. ನಿರೀಕ್ಷಿಸಿದಂತೆ ಸರ್ವರ್ ಉಸಿರುಗಟ್ಟಿತು. ಆಮೇಲೆ ಹೊಸ ಚಿಪ್ಪನ್ನು ನಾನೇ ಕೂರಿಸಿ ಮತ್ತೆ ಓಡಿಸಿದೆ. ಪರದೆಯ ಮೇಲೆ ನಾಲ್ಕು ಗೆರೆ, ಒಂದೊಂದು ಕೋರಿಗೆ ಒಂದೊಂದು. ನಾಲ್ಕೂ ಎದ್ದು ನಿಲ್ಲುತ್ತವೆಂದು ಕಾದೆ. ಒಂದು ಎದ್ದರೆ ಉಳಿದ ಮೂರು ಮಲಗುತ್ತಿದ್ದವು. ಅದು ಮಲಗಿದರೆ ಇನ್ನೊಂದು ಏಳುತ್ತಿತ್ತು. ಒಟ್ಟು ಕೆಲಸ ಒಂದರದ್ದೇ. ಪುಟ ಬರಲು ಹಳೆಯದಕ್ಕೆ ಹಿಡಿದಷ್ಟೇ ಹೊತ್ತು ಇದಕ್ಕೂ ಹೆಚ್ಚುಕಡಿಮೆ ಹಿಡಿಯಿತು.

ರಿಪೇರಿಯವರಿಗೆ ಫೋನು ಮಾಡಿದರೆ, "ವಸಿ ದಿನ ಓಡ್ಲಿ ಬುಡಕ್ಕ, ಹೊಂದ್ಕತದೆ" ಎಂದರು. ನನಗೆ ಮೈ ಉರಿಯಿತು. ನೊಗಕ್ಕೆ ಹೊಂದಿಕೊಳ್ಳಲು ಅದೇನು ಹೊಸ ಎತ್ತೇ?

ಮೂರು ದಿನ ತಲೆ ಕೆಡಿಸಿಕೊಂಡೆ. ನಾಲ್ಕನೆಯ ದಿನ ನಮ್ಮ ಅಟ್ಟದ ಕಾಯಿ ಇಳಿಸುವುದಿತ್ತು. ಕಾಯಿ ಇಳಿಸುವುದೆಂದರೆ ನಮ್ಮ ಮನೆಯಲ್ಲಿ ಒಂದು ಕಟ್ಟುಪಾಡಿದೆ. ಅಟ್ಟದ ಕಂಡಿಯಿಂದ ಜೋಡಿ ಜೋಡಿಯಾಗಿ ಕಾಯಿ ಬೀಳುತ್ತದೆ, ಕೆಳಗೆ ಒಬ್ಬರು ಕೂಗಿ ಎಣಿಸುತ್ತಾರೆ. ಮೊದಲ ಜೋಡಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಆಮೇಲೆ ಎರಡು, ಮೂರು. ನೂರಾದರೆ ಒಂದು ಕಾಯನ್ನು ಗುರುತಿಗೆಂದು ಪಕ್ಕಕ್ಕಿಡುತ್ತಾರೆ. ಎಣಿಸುವವರು ಒಬ್ಬರೇ ಇರಬೇಕು. ಎಣಿಕೆಯಾಗದೆ ಒಂದು ಕಾಯಿಯೂ ರಾಶಿಗೆ ಸೇರಬಾರದು. ಮದುವೆಯಾಗಿ ಬಂದ ಎರಡನೆಯ ವರ್ಷವೇ ಅತ್ತೆ ಈ ಕೆಲಸವನ್ನು ನನಗೆ ಒಪ್ಪಿಸಿದ್ದರು. "ಇವ್ಳ್ ಬಾಯಿಂದ ಎಣಿಕೆ ತಪ್ಪಾಕಿಲ್ಲ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ನನ್ನ ಅಡಿಗೆಯನ್ನು ಅವರು ಎಂದೂ ಹೊಗಳಿದ್ದಿಲ್ಲ.

ಅವತ್ತು ಮಧ್ಯಾಹ್ನದೊಳಗೆ ಮುಗಿಸಬೇಕೆಂದು ನನ್ನ ಗಂಡ ಇಬ್ಬರ ಬದಲು ನಾಲ್ಕು ಆಳುಗಳನ್ನು ಕರೆದಿದ್ದರು. ನಾಲ್ಕೂ ಜನ ಅಟ್ಟದ ಮೇಲಿಂದ ಒಟ್ಟಿಗೇ ಸುರಿಯತೊಡಗಿದರು. ಲಾಭ, ಎರಡು, ಮೂರು ಎನ್ನುವಷ್ಟರಲ್ಲಿ ಹತ್ತು ಜೋಡಿ ಬಿದ್ದಿರುತ್ತಿತ್ತು. ಎಣಿಕೆ ತಪ್ಪಿತು. ಇಷ್ಟು ವರ್ಷಗಳಲ್ಲಿ ಮೊದಲ ಸಲ ತಪ್ಪಿತು.

"ನಿಲ್ರಪ್ಪಾ! ಒಬ್ಬೊಬ್ರೇ ಹಾಕಿ! ನಾನ್ ಹೇಳೋಗಂಟ ಕೈ ಬಿಡ್ಬ್ಯಾಡಿ" ಎಂದು ಕಿರುಚಿದೆ.

ಒಬ್ಬ ಹಾಕಿದ. ಮೂವರು ತೊಲೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡರು. ಅವನಿಗೆ ಸಾಕಾದಾಗ ಇನ್ನೊಬ್ಬ ಎದ್ದ. ಮತ್ತೆ ಮೂವರು ಕೂತರು.

"ನಾಲ್ಕ್ ಜನಾನ ಕರ್ಕಂಬಂದ್ರೆ ಮೂರ್ ಜನಾನ ಕೂರಿಸ್ಬುಟ್ಯಲ್ಲೇ" ಎಂದರು ನನ್ನ ಗಂಡ, ನಗುತ್ತ.

ನಾನು ನಗಲಿಲ್ಲ. ನನ್ನ ಕಣ್ಣ ಮುಂದೆ ಪರದೆಯ ಮೇಲಿನ ನಾಲ್ಕು ಗೆರೆಗಳು ಬಂದವು. ಅಲ್ಲಿಯೂ ಮೂರು ಕೂತಿದ್ದವು. ಕೂರಿಸಿದವರು ಯಾರು? ಎಣಿಕೆಯನ್ನು ಗಂಡನ ಕೈಗೆ ಒಪ್ಪಿಸಿ ಒಳಗೆ ಹೋದೆ. ಅವರು ಹಿಂದಿನಿಂದ ಏನೋ ಕೂಗಿದರು. ನಾನು ತಿರುಗಿ ನೋಡಲಿಲ್ಲ.

ಪುಟದ ಪ್ರೋಗ್ರಾಂ ತೆರೆದು ಮೊದಲ ಸಾಲಿನಿಂದ ಓದಿದೆ. ನಾನೇ ಬರೆದದ್ದು. ಯಾರಾದರೂ ಪುಟ ಕೇಳಿದರೆ ಮೊದಲು ಎಣಿಕೆಯ ಕಡತ ತೆಗೆ. ಬೇರೆ ಯಾರೂ ಮುಟ್ಟದಂತೆ ಅದಕ್ಕೆ ಬೀಗ ಹಾಕು. ಒಂದು ಕೂಡಿಸು. ಆಮೇಲೆ ಅವರಿಗೆ ಪುಟ ಸಿದ್ಧಪಡಿಸು. ಆಮೇಲೆ ಬೀಗ ತೆಗೆದು ಮುಂದಿನವರನ್ನು ಕರೆ. ಅಲ್ಲಿಯವರೆಗೆ ಉಳಿದವರೆಲ್ಲ ಬಾಗಿಲಲ್ಲಿ ನಿಂತಿರಲಿ. ಎಣಿಕೆಯಾಗದೆ ಒಬ್ಬರೂ ಒಳಗೆ ಬರಬಾರದು! ಅಟ್ಟದ ಕೆಳಗೆ ಕಾಯಿ ಎಣಿಸುವ ಹಾಗೆಯೇ ನಾನು ಜನರನ್ನು ಎಣಿಸಲು ಕೂತಿದ್ದೆ. ನಾಲ್ಕಲ್ಲ, ನಲವತ್ತು ಕೋರು ತಂದರೂ ಅವು ತೊಲೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳಬೇಕಿತ್ತು. ಕೊಬ್ಬರಿ ದರ ಹೇಳುವ ಕೆಲಸಕ್ಕೆ ಆ ಬೀಗ ಬೇಕಾಗಿರಲಿಲ್ಲ. ಬೇಕಾಗಿದ್ದದ್ದು ನನ್ನ ಜಂಭಕ್ಕೆ.

ಪುಟ ನಿಂತ ದಿನ ಬಂದ ದೊಡ್ಡ ಅಂಕಿಗೆ ಯಾರ್ಯಾರು ಒತ್ತಿದ್ದರೆಂದು ಸರ್ವರಿನ ದಾಖಲೆಯನ್ನೂ ತೆಗೆದು ನೋಡಿದೆ. ಹೊಸಬರು ಯಾರೂ ಅಷ್ಟಾಗಿ ಬಂದಿರಲಿಲ್ಲ. ಪುಟ ಸಿಗದವರೇ ಮತ್ತೆ ಮತ್ತೆ ಒತ್ತಿದ್ದರು. ಪ್ರತಿ ಒತ್ತಿಗೂ ನನ್ನ ಎಣಿಕೆ ಒಂದು ಏರಿತ್ತು, ಸಾಲು ಒಂದು ಉದ್ದವಾಗಿತ್ತು. ನಾನು ಆ ಸಂಜೆ ಖುಷಿಪಟ್ಟದ್ದು ಅವರ ಪರದಾಟವನ್ನು ನೋಡಿ. ನಾಚಿಕೆಯಿಂದ ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಎದ್ದು ಹೋಗಿ ಮುಖ ತೊಳೆದು ಬಂದೆ.

ಬಂದವಳೇ ಎಣಿಕೆಯನ್ನು ಬೇರುಸಹಿತ ಕಿತ್ತುಹಾಕಿದೆ. ದರ ಹಾಕಿದ ಕ್ಷಣದಲ್ಲಿ ಪುಟ ಒಂದೇ ಸಲ ಸಿದ್ಧವಾಗಬೇಕು, ಆಮೇಲೆ ಕೇಳಿದವರಿಗೆಲ್ಲ ಅದನ್ನೇ ಕೊಡುತ್ತ ಹೋಗಬೇಕು, ಹಾಗೆ ಬದಲಾಯಿಸಿದೆ. ಹೊಸ ಚಿಪ್ಪಿನ ಮೇಲೆ ಪರೀಕ್ಷಿಸಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಹಳೆಯ ಒಂದು ಕೋರಿನ ಚಿಪ್ಪನ್ನು ಮತ್ತೆ ಕೂರಿಸಿ ಪರೀಕ್ಷಿಸಿದೆ. ಅದೂ ತಡೆದುಕೊಂಡಿತು. ಅವತ್ತಿನ ಎರಡರಷ್ಟು ಜನರನ್ನು ಬಿಟ್ಟೆ, ಮೂರರಷ್ಟು ಬಿಟ್ಟೆ. ಹಳೆಯ ಮುದುಕ ಒಂದು ಸಲವೂ ಕೆಮ್ಮಲಿಲ್ಲ.

ಊಟಕ್ಕೆ ಕೂತಾಗ ಗಂಡನಿಗೆ ಹೇಳಿದೆ, ಚಿಪ್ಪು ವಾಪಸು ಕೊಡುತ್ತೇನೆಂದು.

"ತಂದಿರೋದು ಇರ್ಲಿ ಬುಡೇ" ಎಂದರು. "ನಾಕ್ ಕೋರಿದ್ರೆ ಕೆಟ್ಟದ್ದೇನು? ಊರ್ನೋರ್ಗೂ ಹೊಸ ಮಿಷನ್ ಹಾಕ್ಸಿದ್ವಿ, ಇನ್ ಮೇಲೆ ಕೈಕೊಡಾಕಿಲ್ಲ ಅಂತ ಹೇಳ್ಬೋದು. ಪಕ್ಕದ್ ಮನೆ ಅಕ್ಕಂಗೂ ಸಮಾಧಾನ ಆಯ್ತದೆ."

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಹೊಸ ಚಿಪ್ಪು ಬಂದರೆ ಊರಿಗೆಲ್ಲ ಒಂದೇ ಮಾತು: ಮಿಷನ್ ಹಳೆಯದಾಗಿತ್ತು, ಈಗ ಸರಿಹೋಯಿತು. ನನ್ನ ತಪ್ಪನ್ನು ಆ ಬಡ ಯಂತ್ರದ ತಲೆಗೆ ಕಟ್ಟಿ ನಾನು ಆರಾಮಾಗಿ ಓಡಾಡಬಹುದಿತ್ತು. ಬೇಲಿಯಾಚೆ ಮಾತ್ರ ಪೈಪು ಅದೇ ಮರದ ಬುಡದಲ್ಲಿ ನಿಂತಿರುತ್ತಿತ್ತು.

"ಮಿಷನ್ ತಪ್ಪಲ್ಲ ಕಣ್ರೀ, ನನ್ ತಪ್ಪು. ಚಿಪ್ ವಾಪಸ್ ಹೋಗ್ಲೇಬೇಕು. ಮುಂದಿನ್ ಹರಾಜಿಗೆ ಪುಟ ನಿಲ್ದೆ ಓಡ್ಲಿ, ಆಮೇಲೆ ಅಕ್ಕನ್ ಮನೆಗೂ ನಾನೇ ಹೋಗಿ ಹೇಳ್ತೀನಿ" ಎಂದೆ.

"ಯಾರ್ಗೂ ಗೊತ್ತಿಲ್ದಿರೋದ್ನ ಹೇಳಿ ಬೈಸ್ಕೊಳ್ಳೋದ್ಯಾಕೆ?" ಎಂದರು. ನಾನು ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದೆ.

ರಿಪೇರಿಯವರು ಬಂದು ಚಿಪ್ಪನ್ನು ಬೆಳಕಿಗೆ ಹಿಡಿದು ನೋಡಿ ಡಬ್ಬಿಗೆ ಹಾಕಿಕೊಂಡರು. ಮುಖ ಊದಿತ್ತು. ಕಾಫಿ ಕುಡಿದ ಮೇಲೆ ಸ್ವಲ್ಪ ಇಳಿಯಿತು. "ನಿಮ್ಮಂಥ ಗಿರಾಕಿ ನಾಲ್ಕ್ ಜನ ಸಿಕ್ರೆ ನಾನು ಅಂಗ್ಡಿ ಮುಚ್ಬೇಕು ಕಣಕ್ಕ" ಎಂದರು.

ಮುಂದಿನ ಹರಾಜಿನ ದಿನ ತಮ್ಮ ಫೋನು ಮಾಡಿದ. ದರ ಮತ್ತೆ ಏರಿತ್ತು. ಅಂಕಿ ಹಾಕಿದೆ. ಪರದೆಯ ಮೇಲೆ ಒಂದೇ ಒಂದು ಗೆರೆ ಮೇಲೆದ್ದಿತು, ಇಳಿಯಿತು, ಮತ್ತೆ ಎದ್ದಿತು, ಆದರೆ ನೆತ್ತಿ ಮುಟ್ಟಲಿಲ್ಲ. ನನ್ನ ಫೋನಿನಲ್ಲಿ ಪುಟ ತಟಕ್ಕನೆ ತೆರೆಯಿತು. ಚಿಕ್ಕನಾಯಕನಹಳ್ಳಿಯ ಹಳೆಯ ವಿದ್ಯಾರ್ಥಿನಿಗೆ ಫೋನು ಮಾಡಿ ಕೇಳಿದೆ. "ಬಂತು ಮಿಸ್, ಆಗ್ಲೇ ಬಂತು" ಎಂದಳು. ಅರ್ಧ ಗಂಟೆ ಕಳೆಯುವವರೆಗೆ ಕೂತಲ್ಲಿಂದ ಏಳಲಿಲ್ಲ. ಎಷ್ಟು ಜನ ನೋಡಿದರೋ ಗೊತ್ತಿಲ್ಲ. ಪುಟದ ಕೆಳಗೆ ಕಣ್ಣು ಎರಡು ಮೂರು ಸಲ ಹೋಯಿತು, ಅಲ್ಲಿ ಏನೂ ಇರಲಿಲ್ಲ.

ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಪಕ್ಕದ ಮನೆಗೆ ಹೋದೆ. ಅಕ್ಕ ಜಗಲಿಯಲ್ಲಿ ಕೂತು ಗರಿಯಿಂದ ಕಡ್ಡಿ ಸೀಳುತ್ತಿದ್ದಳು, ಪೊರಕೆಗೆ. ಪಕ್ಕದಲ್ಲಿ ಜಾಗ ತೋರಿಸಿದಳು. ನಾನು ಕೂರಲಿಲ್ಲ. ಕೂತರೆ ಮಾತು ಬೇರೆ ಕಡೆ ಹೊರಳುತ್ತದೆಂದು ಗೊತ್ತಿತ್ತು.

"ಅಕ್ಕ, ಅವತ್ತು ಕೆಟ್ಟಿದ್ದು ಮಿಷನ್ ಅಲ್ಲ. ಎಷ್ಟ್ ಜನ ನೋಡ್ತಾರೆ ಅಂತ ಲೆಕ್ಕ ಇಡಾಕೆ ನಾನೊಂದು ಎಣಿಕೆ ಇಟ್ಟಿದ್ದೆ. ಒಬ್ಬೊಬ್ರನ್ನೇ ಎಣಿಸಿ ಒಳಕ್ಕೆ ಬಿಡೋ ಹಂಗೆ. ಅದ್ರಿಂದ ಎಲ್ರೂ ಬಾಗ್ಲಲ್ಲೇ ನಿಂತ್ಕೊಂಡ್ರು. ನೀವೂ ನಿಂತ್ಕೊಂಡ್ರಿ. ನನ್ ತಪ್ಪಿಂದ ನಿಮ್ಗೆ ಅರ್ಧ ತೋಟದ ಪೈಪ್ ಹೋಯ್ತು."

ಅವಳ ಕೈ ನಿಂತಿತು. ಬೈಯುತ್ತಾಳೆಂದು ಕಾದೆ. ಬೈದರೆ ಚೆನ್ನಾಗಿತ್ತು.

"ಅವತ್ತು ನಾನು ನಾಲ್ಕ್ ಸಲ ಒತ್ತಿದ್ದೆ" ಎಂದಳು. "ನಾನೂ ಆ ಎಣಿಕೇಲಿ ಬಂದಿದ್ನಾ?"

"ಬಂದಿದ್ರಿ ಅಕ್ಕ. ನಾಲ್ಕ್ ಸಲಾನೂ."

ಅವಳು ತಲೆಯೆತ್ತಿ ನನ್ನ ಮುಖ ನೋಡಿದಳು. ಸಿಟ್ಟಿರಲಿಲ್ಲ. ಆಶ್ಚರ್ಯವಿತ್ತು.

"ನಾಲ್ಕ್ ಸಲ ಎಣ್ಸೋಳು, ಒಂದ್ ಸಲ ಬೇಲಿ ತಾವ ಬಂದು ಕೂಗ್ಬೋದಿತ್ತಲ್ಲವ್ವ" ಎಂದಳು.

ಕೂಗಬಹುದಿತ್ತು. ಆ ಅರ್ಧ ಗಂಟೆ ಪೂರ್ತಿ ದರ ನನಗೆ ಗೊತ್ತಿತ್ತು. ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಿದ್ದೆ. ನಾನು ಯಂತ್ರವನ್ನು ಆರಿಸುತ್ತ, ಹಚ್ಚುತ್ತ, ಬೈಯುತ್ತ ಕೂತಿದ್ದಾಗ, ಅವನು ಇದೇ ಜಗಲಿಯ ಮುಂದೆ ತಕ್ಕಡಿ ಹಿಡಿದು ನಿಂತಿದ್ದ.